ಅಡಿಕೆ ಅಂಗಡಿಯ ನಿಯಮಗಳನ್ನು ಎಲ್ಲಿ ಬರೆದಿಡಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕಾಮರ್ಸ್ ಮತ್ತು ಕಂಪ್ಯೂಟರ್ ವಿದ್ಯಾರ್ಥಿಗಳು, ಜೊತೆಗೆ ಕೆಲವು ವ್ಯಾಪಾರಿಗಳು ಕೂಡಿದ್ದ ಒಂದು ಸಂಜೆ ಆಡಿದ ಮಾತುಗಳಿವು. ಮಾತಿನ ಭರದಲ್ಲಿ ಹಾರಿಹೋಗಿದ್ದ ಒಂದೆರಡು ಕೊಂಡಿಗಳನ್ನು ಬರೆಯುವಾಗ ಸೇರಿಸಿದ್ದೇನೆ. ಬೋರ್ಡಿನ ಮೇಲೆ ಬಿಡಿಸಿದ ಚೌಕ, ಗೆರೆಗಳನ್ನು ಮಾತಿಗೆ ಇಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕರೆಯೋಲೆಯಲ್ಲಿ ವಿಷಯವನ್ನು ‘ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್ ಮತ್ತು ಆಬ್ಜೆಕ್ಟ್ ಓರಿಯೆಂಟೆಡ್ ವ್ಯವಹಾರ ತಂತ್ರಾಂಶ’ ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿ ಮುಂದಿನ ಸಾಲಿನ ಹಿರಿಯರೊಬ್ಬರು ಬಾಗಿಲಲ್ಲೇ ನನಗೆ ಹೇಳಿದರು, “ಇದು ಮಕ್ಕಳಿಗೆ, ನಮಗಲ್ಲ. ಚಹಾ ಕುಡಿದು ಹೋಗುತ್ತೇವೆ.” ದಯವಿಟ್ಟು ಹೋಗಬೇಡಿ. ಇವತ್ತಿನ ಮಾತಿನ ಮುಕ್ಕಾಲು ಪಾಲು ನಿಮ್ಮ ಅಂಗಡಿಯಲ್ಲೇ ನಡೆಯುತ್ತದೆ. ಮಕ್ಕಳಿಗೆ ಕೋಡ್ ಬರೆಯಲು ಬರುತ್ತದೆ. ಏನನ್ನು ಬರೆಯಬೇಕೆಂಬುದು ನಿಮ್ಮ ಹತ್ತಿರ ಇದೆ.

ಒಂದು ಪದದ ವಿಚಾರ ಮೊದಲೇ ಮುಗಿಸುತ್ತೇನೆ. ಮಾಡೆಲ್ ಎಂದರೆ ಒಂದು ವ್ಯವಹಾರದಲ್ಲಿ ಏನೇನಿದೆ, ಯಾವುದಕ್ಕೆ ಯಾವುದರ ಸಂಬಂಧ ಎಂದು ಬಿಡಿಸಿಟ್ಟ ನಕ್ಷೆ. ಅದಕ್ಕೆ ಪುಸ್ತಕಗಳಲ್ಲಿ ‘ಮಾದರಿ’ ಎಂದು ಬರೆಯುತ್ತಾರೆ. ನಮ್ಮ ಕಡೆ ಮಾದರಿ ಎಂದರೆ ಗೋಣಿಗೆ ಕೈ ಹಾಕಿ ತೆಗೆದ ಒಂದು ಹಿಡಿ ಅಡಿಕೆ. ಎರಡೂ ಬೆರೆತರೆ ಗೊಂದಲವಾದೀತು, ಹಾಗಾಗಿ ಮಾಡೆಲ್ ಎಂದೇ ಹೇಳುತ್ತೇನೆ.

2012ರ ಸುಮಾರಿಗೆ ಈ ಭಾಗದ ಒಂದು ಅಡಿಕೆ ಅಂಗಡಿಯ ಲೆಕ್ಕದ ಪ್ರೋಗ್ರಾಂ ಬದಲಿಸಿಕೊಡುವ ಕೆಲಸ ನನಗೆ ಬಂತು. ಎದುರಿಗೆ ತೂಕದ ಯಂತ್ರ, ಹಿಂದೆ ಗೋಣಿಗಳ ಅಟ್ಟಿ, ಬದಿಯ ಕೋಣೆಯಲ್ಲಿ ಮೈಲುತುತ್ತು, ಸುಣ್ಣ, ಗೊಬ್ಬರ, ನೀರೆತ್ತುವ ಪಂಪು. ಅಲ್ಲಿದ್ದದ್ದು ಫಾಕ್ಸ್‌ಪ್ರೋ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂ. ಫಾಕ್ಸ್‌ಪ್ರೋಗೆ ಮುಂದಿನ ಆವೃತ್ತಿ ಬರುವುದಿಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲೇ ಸಾರಿಯಾಗಿತ್ತು. ಪ್ರೋಗ್ರಾಂ ಬರೆದ ಹುಡುಗ ಗಲ್ಫಿಗೆ ಹೋಗಿದ್ದ. ಅಂಗಡಿಯ ನಿಯಮಗಳು ಎರಡು ಕಡೆ ಉಳಿದಿದ್ದವು: ಆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಮತ್ತು ಲೆಕ್ಕ ಬರೆಯುವ ಭಟ್ಟರ ತಲೆಯಲ್ಲಿ. ಎರಡೂ ಒಂದನ್ನೊಂದು ಪೂರ್ತಿ ಒಪ್ಪುತ್ತಿರಲಿಲ್ಲ. ಒಪ್ಪದ ಕಡೆ ಭಟ್ಟರು ಬಿಲ್ಲಿನ ಮೇಲೆ ಪೆನ್ನಿನಲ್ಲಿ ತಿದ್ದುತ್ತಿದ್ದರು.

ನಾನು ಆಗ ಆಬ್ಜೆಕ್ಟ್ ಓರಿಯೆಂಟೆಡ್ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದೇನೆಂಬ ಹುಮ್ಮಸ್ಸಿನಲ್ಲಿದ್ದೆ. ಈ ವಿದ್ಯೆಯ ಹುಟ್ಟು ನಾರ್ವೆಯಲ್ಲಿ. 1960ರ ದಶಕದಲ್ಲಿ ಓಸ್ಲೋದಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಇಬ್ಬರು ಸಿಮ್ಯುಲಾ ಎಂಬ ಭಾಷೆ ಕಟ್ಟಿದರು. ಹೊರಗಿನ ಪ್ರಪಂಚದ ನಡೆಯನ್ನು ಕಂಪ್ಯೂಟರಿನೊಳಗೆ ಅನುಕರಿಸಿ ನೋಡುವುದು ಅವರ ಉದ್ದೇಶ. ಹೊರಗೆ ಇರುವ ವಸ್ತುವಿಗೆ ಒಳಗೊಂದು ಪ್ರತಿರೂಪ. ಅದಕ್ಕೆ ಅದರದೇ ಮಾಹಿತಿ, ಅದರದೇ ನಡವಳಿಕೆ. ಆ ಪ್ರತಿರೂಪಕ್ಕೆ ಆಬ್ಜೆಕ್ಟ್, ಒಂದೇ ಬಗೆಯ ಆಬ್ಜೆಕ್ಟ್‌ಗಳ ಅಚ್ಚಿಗೆ ಕ್ಲಾಸ್ ಎಂಬ ಮಾತುಗಳೆಲ್ಲ ಅಲ್ಲಿಂದ ಬಂದವು.

ನಾನೇನು ಮಾಡಿದೆ? ‘ಅಡಿಕೆ’ ಎಂಬ ಕ್ಲಾಸ್ ಬರೆದು, ಅದರ ಮಕ್ಕಳಾಗಿ ಹೊಸತು, ಹಳತು, ಡಬಲ್ ಚೋಲ್, ಪಟೋರ, ಕೋಕ, ಉಳ್ಳಿ, ಕರಿಗೋಟು ಎಂದು ಸಾಲಾಗಿ ಚೌಕ ಬಿಡಿಸಿದೆ. ದರದ ಪಟ್ಟಿಯಲ್ಲಿ ಹಾಗೇ ಇರುತ್ತದಲ್ಲ! ಚಿತ್ರ ನೋಡಲು ಬಹಳ ಅಂದವಾಗಿತ್ತು. ಭಟ್ಟರು ಕನ್ನಡಕ ಏರಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು, “ಈ ಹೊಸತು ಬರುವ ವರ್ಷ ಎಲ್ಲಿಗೆ ಹೋಗುತ್ತದೆ?”

ಇಲ್ಲಿರುವ ವಿದ್ಯಾರ್ಥಿಗಳು ಈ ಪ್ರಶ್ನೆಯ ಏಟು ಎಲ್ಲಿ ಬಿತ್ತೆಂದು ಗಮನಿಸಬೇಕು. ಜಾವಾ ಆಗಲಿ ಸಿ ಶಾರ್ಪ್ ಆಗಲಿ, ಒಂದು ಆಬ್ಜೆಕ್ಟ್ ಹುಟ್ಟುವಾಗ ಯಾವ ಕ್ಲಾಸಿನದೋ ಸಾಯುವವರೆಗೂ ಅದೇ ಕ್ಲಾಸಿನದು. ಅಡಿಕೆ ಹಾಗಲ್ಲ. ಈ ಸಲದ ಹೊಸತು ಗೋದಾಮಿನಲ್ಲಿ ಕುಳಿತು ಹಳತಾಗುತ್ತದೆ, ಇನ್ನೂ ಕುಳಿತರೆ ಡಬಲ್ ಚೋಲ್ ಆಗುತ್ತದೆ. ಅದೇ ಗೋಣಿ, ಅದೇ ಅಡಿಕೆ. ಏರಿದ್ದು ವಯಸ್ಸು, ಬದಲಾದದ್ದು ದರ. ಪಟೋರ, ಕೋಕಗಳು ಅಂಥವಲ್ಲ. ಅವು ಗುಣ ನೋಡಿ ಆರಿಸಿ ಬೇರೆ ಹಾಕಿದವು, ಎಷ್ಟು ವರ್ಷ ಇಟ್ಟರೂ ಕೋಕ ಕೋಕವೇ. ದರಪಟ್ಟಿಯ ಒಂದೇ ಸಾಲಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ತೋಳು ಹಿಡಿದು ನಿಂತಿದ್ದವು. ಗುಣಭೇದವನ್ನು ಒಂದು ವರ್ಗವಾಗಿ ಇಟ್ಟುಕೊಳ್ಳಬಹುದು. ವಯಸ್ಸನ್ನು ಸ್ಥಿತಿಯಾಗಿ ತೋರಿಸಬೇಕು. ಭಟ್ಟರಿಗೆ ಕ್ಲಾಸ್ ಎಂದರೆ ಶಾಲೆಯ ತರಗತಿ ಅಷ್ಟೇ, ಆದರೆ ನನ್ನ ಚಿತ್ರದ ತಪ್ಪನ್ನು ಅವರು ಅರ್ಧ ನಿಮಿಷದಲ್ಲಿ ಹಿಡಿದರು. ಅದೇ ತಪ್ಪು ಕೋಡಿನಲ್ಲಿ ಹುದುಗಿದ್ದರೆ? ಒಂದು ವರ್ಷ ಕಳೆದು, ಲೆಕ್ಕ ಕೆಟ್ಟ ಮೇಲೆ ಗೊತ್ತಾಗುತ್ತಿತ್ತು.

ಇನ್ನೊಂದು ಅದೇ ವಾರದ್ದು. ‘ಕೃಷಿಕ’ ಎಂದು ಒಂದು ಕ್ಲಾಸ್, ‘ಗಿರಾಕಿ’ ಎಂದು ಇನ್ನೊಂದು ಮಾಡಿದ್ದೆ. ಕೃಷಿಕ ಅಡಿಕೆ ಮಾರುತ್ತಾನೆ, ಗಿರಾಕಿ ಮೈಲುತುತ್ತು ಕೊಳ್ಳುತ್ತಾನೆ. ಮಳೆಗಾಲದ ಮೊದಲು ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತು ಸಾಲವಾಗಿ ಒಯ್ದವನೇ ಅಡಿಕೆ ತಂದಾಗ ಆ ಸಾಲವನ್ನು ಅಡಿಕೆಯ ಹಣದಲ್ಲಿ ವಜಾ ಮಾಡಿಸುತ್ತಾನೆ. ನನ್ನ ಚಿತ್ರದಲ್ಲಿ ಒಬ್ಬ ಮನುಷ್ಯ ಇಬ್ಬರಾಗಿ ಒಡೆದುಹೋಗಿದ್ದ, ಅವರಿಬ್ಬರಿಗೂ ಪರಸ್ಪರ ಪರಿಚಯವೇ ಇರಲಿಲ್ಲ. ಮನುಷ್ಯ ಒಬ್ಬ, ವಹಿಸುವ ಪಾತ್ರ ಎರಡು. ಇದನ್ನು ಯಕ್ಷಗಾನದ ಊರಿನವನಾದ ನಾನೇ ಮರೆತಿದ್ದೆ.

ಮೂರನೆಯದು ಸ್ವಲ್ಪ ಗಹನ. ಹಲವರು ಅಡಿಕೆ ತಂದು ಇಳಿಸುತ್ತಾರೆ, ತೂಕ ಮಾಡಿಸುತ್ತಾರೆ, ಆದರೆ ದರ ಅಂದೇ ನಿಶ್ಚಯಿಸುವುದಿಲ್ಲ. “ದರ ಆಮೇಲೆ ನೋಡೋಣ” ಎಂದು ಸ್ವಲ್ಪ ಮುಂಗಡ ಹಿಡಿದುಕೊಂಡು ಹೋಗುತ್ತಾರೆ. ಮಾರುಕಟ್ಟೆ ಏರಿದಾಗ ಬಂದು ಅರ್ಧಕ್ಕೆ ದರ ಮಾಡುತ್ತಾರೆ, ಉಳಿದರ್ಧ ಇನ್ನೂ ಕಾಯುತ್ತದೆ. ಹಳೆಯ ಪ್ರೋಗ್ರಾಮಿನಲ್ಲಿ ‘ಖರೀದಿ’ ಎಂಬುದು ಒಂದೇ ಘಟನೆ. ತೂಕ ಗುಣಿಸು ದರ ಸಮ ಹಣ. ದರ ಇಲ್ಲದ ಕಡೆ ಆ ಹುಡುಗ ಒಂದು ರೂಪಾಯಿ ಎಂದು ತುಂಬಿಸುವ ಉಪಾಯ ಮಾಡಿದ್ದ. ವರ್ಷಾಂತ್ಯದಲ್ಲಿ ಗೋದಾಮಿನ ತುಂಬ ಕಿಲೋಗೆ ಒಂದು ರೂಪಾಯಿಯ ಅಡಿಕೆ!

ಬೋರ್ಡಿನಲ್ಲಿ ನಾನು ಖರೀದಿಯನ್ನು ಎರಡಾಗಿ ಸೀಳಿದೆ: ‘ಇಡುವಿಕೆ’ ಮತ್ತು ‘ದರ ನಿಶ್ಚಯ’. ಒಂದು ಇಡುವಿಕೆಗೆ ಹಲವು ದರ ನಿಶ್ಚಯಗಳು ಇರಬಹುದು. ಅವುಗಳ ತೂಕ ಕೂಡಿಸಿದರೆ ಇಟ್ಟ ತೂಕವನ್ನು ಮೀರಬಾರದು. ಸೀಳಿದ ಕೂಡಲೇ ನಡುವಿನ ಸಂದಿನಿಂದ ಪ್ರಶ್ನೆಗಳು ಎದ್ದವು. ದರ ಆಗುವವರೆಗೆ ಅಡಿಕೆ ಯಾರದ್ದು? ಇಟ್ಟ ಅಡಿಕೆ ಒಣಗಿ ತೂಕ ಇಳಿದರೆ ನಷ್ಟ ಯಾರಿಗೆ? ಹೊಸತಾಗಿ ಇಟ್ಟದ್ದು ದರ ಮಾಡುವ ಹೊತ್ತಿಗೆ ಹಳತಾಗಿದ್ದರೆ ಯಾವ ದರ? ಮಾಲೀಕರು ಮತ್ತು ಭಟ್ಟರು ಕೊನೆಯ ಪ್ರಶ್ನೆಗೆ ಒಂದೇ ಕ್ಷಣದಲ್ಲಿ ಉತ್ತರ ಕೊಟ್ಟರು. ಎರಡು ಬೇರೆ ಬೇರೆ ಉತ್ತರ. ಇಪ್ಪತ್ತು ವರ್ಷ ಒಂದೇ ಮೇಜಿನ ಎರಡು ಬದಿ ಕುಳಿತವರು.

ಬೋರ್ಡಿನ ಮುಂದೆ ಅವರಿಬ್ಬರ ಜೊತೆ ಮಾತಾಡುವಾಗ ನಾನು ಯಾವ ಕಂಪ್ಯೂಟರ್ ಭಾಷೆಯ ಹೆಸರನ್ನೂ ಎತ್ತಬೇಕಾಗಿ ಬರಲಿಲ್ಲ, ಡೇಟಾಬೇಸ್ ಯಾವುದು, ಮೊಬೈಲ್‌ನಲ್ಲೋ ಮೇಜಿನ ಮೇಲೋ ಎಂಬ ಮಾತೂ ಬರಲಿಲ್ಲ. ಬೋರ್ಡಿನ ಮೇಲೆ ಇದ್ದದ್ದು ಅಂಗಡಿ ಮಾತ್ರ. ಎಂಡಿಎ ಎಂದು ಚುಟುಕಾಗಿ ಕರೆಯುವ ಈ ಮಾಡೆಲ್ ಡ್ರಿವನ್ ಆರ್ಕಿಟೆಕ್ಚರಿನ ಮೂಲ ವಿಚಾರ ಇಲ್ಲಿಂದ ಹೊರಡುತ್ತದೆ.

ಅಮೆರಿಕದಲ್ಲಿ 1989ರಲ್ಲಿ ಆರಂಭವಾದ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಸಂಸ್ಥೆಯೊಂದಿದೆ, ಕಂಪನಿಗಳು ಸೇರಿ ಮಾನಕಗಳನ್ನು ನಿಶ್ಚಯಿಸುವ ಕೂಟ. ಗ್ರೇಡಿ ಬೂಚ್, ಜೇಮ್ಸ್ ರಂಬೋ, ಇವಾರ್ ಯಾಕಬ್‌ಸನ್ ಎಂಬ ಮೂವರು ತಮ್ಮ ತಮ್ಮ ಚಿತ್ರಪದ್ಧತಿಗಳನ್ನು ಒಂದುಗೂಡಿಸಿ ಕಟ್ಟಿದ ಯುಎಂಎಲ್ ಎಂಬ ಚಿತ್ರಭಾಷೆಯನ್ನು ಈ ಕೂಟ 1997ರಲ್ಲಿ ಮಾನಕವಾಗಿ ಒಪ್ಪಿಕೊಂಡಿತು. 2001ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಎಂಡಿಎಯನ್ನು ಮುಂದಿಟ್ಟಿತು. ಅದರ ವಾದ ಇಷ್ಟು: ತಂತ್ರಜ್ಞಾನ ಬೇಗ ಹಳತಾಗುತ್ತದೆ, ವ್ಯವಹಾರ ನಿಧಾನವಾಗಿ ಬದಲಾಗುತ್ತದೆ. ಎರಡನ್ನೂ ಒಂದೇ ಕಡತದಲ್ಲಿ ಕಲಸಿ ಬರೆದರೆ, ತಂತ್ರಜ್ಞಾನ ಸತ್ತಾಗ ವ್ಯವಹಾರದ ಜ್ಞಾನವನ್ನೂ ಅದರ ಜೊತೆಗೇ ಹೂಳಬೇಕಾಗುತ್ತದೆ. ಫಾಕ್ಸ್‌ಪ್ರೋ ಅಂಗಡಿಯಲ್ಲಿ ನಾನು ಕಂಡದ್ದು ಅದೇ.

ಹಾಗಾಗಿ ಮೂರು ಪದರ. ಮೊದಲನೆಯದರಲ್ಲಿ ಕಂಪ್ಯೂಟರಿನ ಸುಳಿವೇ ಇಲ್ಲದ ವ್ಯವಹಾರದ ವರ್ಣನೆ. ಎರಡನೆಯದು ಪಿಐಎಂ (ಪ್ಲಾಟ್‌ಫಾರ್ಮ್ ಇಂಡಿಪೆಂಡೆಂಟ್ ಮಾಡೆಲ್), ಅಂದರೆ ತಂತ್ರಾಂಶದ ರಚನೆ ಇದೆ, ಆದರೆ ಅದು ಯಾವ ವೇದಿಕೆಯ ಮೇಲೆ, ಯಾವ ಭಾಷೆ ಯಾವ ಡೇಟಾಬೇಸ್‌ನಲ್ಲಿ ಓಡುತ್ತದೆ ಎಂಬುದಿಲ್ಲ. ಮೂರನೆಯದು ಪಿಎಸ್‌ಎಂ (ಪ್ಲಾಟ್‌ಫಾರ್ಮ್ ಸ್ಪೆಸಿಫಿಕ್ ಮಾಡೆಲ್), ಜಾವಾಕ್ಕೆ, ಡಾಟ್ ನೆಟ್‌ಗೆ, ಇಂಥ ಡೇಟಾಬೇಸ್‌ಗೆ ಎಂದು ಹೊಂದಿಸಿದ್ದು. ಎರಡನೆಯದರಿಂದ ಮೂರನೆಯದಕ್ಕೆ, ಅಲ್ಲಿಂದ ಕೋಡಿಗೆ, ಆದಷ್ಟು ಯಂತ್ರವೇ ಪರಿವರ್ತಿಸಿಕೊಡಬೇಕು. ಮಾಡೆಲ್‌ಗಳನ್ನು ಬರೆಯುವ ಭಾಷೆಗೇ ಒಂದು ಮಾಡೆಲ್, ಅದನ್ನು ಸಾಗಿಸಲು ಒಂದು ಕಡತದ ರೂಪ, ಹೀಗೆ ಇನ್ನೂ ನಾಲ್ಕಾರು ಮಾನಕಗಳಿವೆ. ಪರೀಕ್ಷೆಗೆ ಬೇಕಾದವರು ಓದಿಕೊಳ್ಳಿ.

ಕುಂಬಳೆ ಸೀಮೆಯವರಿಗೆ ಪಿಐಎಂ ವಿವರಿಸುವುದು ಸುಲಭ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಹಾಡಿಕೊಂಡು ಬಂದ ರಾಮಾಯಣ ಪ್ರಸಂಗಗಳನ್ನು ತೆಗೆದುಕೊಳ್ಳಿ. ಪ್ರಸಂಗದ ಪಟ್ಟಿಯಲ್ಲಿ ಪದ್ಯವಿದೆ, ರಾಗ ತಾಳದ ಸೂಚನೆಯಿದೆ. ಅದನ್ನು ತೆಂಕುತಿಟ್ಟಿನವರು ಆಡಿದರೆ ವೇಷ, ಚೆಂಡೆ, ಹೆಜ್ಜೆ ಒಂದು ಬಗೆ. ಬಡಗುತಿಟ್ಟಿನವರು ಆಡಿದರೆ ಇನ್ನೊಂದು ಬಗೆ. ಬಣ್ಣವನ್ನೇ ಹಚ್ಚದೆ ಎದುರುಬದುರು ಕುಳಿತರೆ ತಾಳಮದ್ದಳೆ. ಪ್ರಸಂಗ ಒಂದೇ, ವೇದಿಕೆ ಮೂರು.

ಈ ಹೋಲಿಕೆಯನ್ನು ನಾನು ಹಲವು ಕಡೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಇದು ಎಲ್ಲಿ ಮುರಿಯುತ್ತದೆ ಎಂಬುದನ್ನು ಮಾತ್ರ ತುಂಬಾ ವರ್ಷ ಹೇಳಿರಲಿಲ್ಲ. ಪ್ರಸಂಗದಲ್ಲಿ ಅರ್ಥ, ಅಂದರೆ ಪಾತ್ರಧಾರಿ ಸ್ಥಳದಲ್ಲೇ ಕಟ್ಟಿ ಆಡುವ ಮಾತು, ಇರುವುದಿಲ್ಲ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡಿ ಬಿಟ್ಟರೆ ಅರ್ಧ ಗಂಟೆ ಅರ್ಥ ಹೇಳುವ ವಾಲಿ ನಮ್ಮಲ್ಲಿದ್ದಾನೆ. ಆ ಅರ್ಧ ಗಂಟೆ ಎಲ್ಲಿಯೂ ಬರೆದದ್ದಲ್ಲ. ಯಂತ್ರಕ್ಕೆ ಅರ್ಥ ಹೇಳಲು ಬರುವುದಿಲ್ಲ, ಪದ್ಯದಲ್ಲಿ ಇಲ್ಲದ್ದನ್ನು ಅದು ಊಹಿಸುವುದಿಲ್ಲ. ನೀವು ಬಿಡಿಸಿದ ಚೌಕ ಮತ್ತು ಗೆರೆಗಳಿಂದ ಪರಿವರ್ತಕ ತಂತ್ರಾಂಶ ಕ್ಲಾಸಿನ ಅಸ್ಥಿಪಂಜರ ಕೊಡುತ್ತದೆ, ಟೇಬಲ್ ಕೊಡುತ್ತದೆ, ಪರದೆಯ ಫಾರ್ಮ್ ಕೊಡುತ್ತದೆ. ‘ದರ ನಿಶ್ಚಯದ ತೂಕ ಇಟ್ಟ ತೂಕವನ್ನು ಮೀರಬಾರದು’ ಎಂಬುದು ಚೌಕದಲ್ಲೂ ಇಲ್ಲ, ಗೆರೆಯಲ್ಲೂ ಇಲ್ಲ. ಅದನ್ನು ಬೇರೆಯಾಗಿ ಬರೆಯಬೇಕು. ಯುಎಂಎಲ್ ಜೊತೆಗೆ ಓಸಿಎಲ್ ಎಂಬ ನಿರ್ಬಂಧ ಭಾಷೆ ಇರುವುದು ಇದಕ್ಕೇ. ಬಹಳ ಜನ ಯುಎಂಎಲ್ ಕಲಿಯುತ್ತಾರೆ, ಓಸಿಎಲ್ ಅಧ್ಯಾಯವನ್ನು ಹಾರಿಸುತ್ತಾರೆ. ಆಮೇಲೆ ಆ ನಿಯಮಗಳು ಹುಟ್ಟಿದ ಕೋಡಿನೊಳಗೆ ಕೈಬರಹವಾಗಿ ಸೇರಿಕೊಳ್ಳುತ್ತವೆ.

ಕೈಬರಹದಿಂದ ನನಗಾದ ಅವಮಾನವನ್ನೂ ಹೇಳಿಬಿಡುತ್ತೇನೆ. ಬೇರೊಂದು ಊರಿನಲ್ಲಿ, ಹೆಸರು ಬೇಡ, ದೊಡ್ಡದೊಂದು ಸಗಟು ವ್ಯಾಪಾರದ ತಂತ್ರಾಂಶದಲ್ಲಿ ಕೆಲಸ ಮಾಡುತ್ತಿದ್ದೆ. ಮಾಡೆಲ್‌ನಿಂದ ಕೋಡ್ ಹುಟ್ಟಿಸುವ ವ್ಯವಸ್ಥೆ ಅಲ್ಲಿತ್ತು. ಒಂದು ರಾತ್ರಿ ಗಿರಾಕಿಯ ಕಡೆಯಿಂದ ಫೋನ್: ಹಳೆಯ ಗಿರಾಕಿಗಳ ರಿಯಾಯಿತಿ ತಪ್ಪಾಗಿ ಬರುತ್ತಿದೆ. ಮಾಡೆಲ್ ತೆರೆದು, ತಿದ್ದಿ, ಮತ್ತೆ ಕೋಡ್ ಹುಟ್ಟಿಸಲು ಒಂದು ಗಂಟೆ ಬೇಕು. ಹುಟ್ಟಿದ ಕಡತವನ್ನೇ ನೇರವಾಗಿ ತಿದ್ದಿದರೆ ಐದು ನಿಮಿಷ. ಕಡತದ ನೆತ್ತಿಯ ಮೇಲೆ ‘ಇದು ಯಂತ್ರ ಬರೆದ ಕಡತ, ಕೈ ಹಾಕಬೇಡಿ’ ಎಂದು ಸ್ಪಷ್ಟವಾಗಿ ಬರೆದಿತ್ತು. ಕೈ ಹಾಕಿದೆ. ಬೆಳಿಗ್ಗೆ ಎಲ್ಲರೂ ಬೆನ್ನು ತಟ್ಟಿದರು. ಹನ್ನೊಂದು ದಿನದ ಮೇಲೆ ಸಹೋದ್ಯೋಗಿಯೊಬ್ಬಳು ಬೇರೆ ಯಾವುದೋ ಕಾರಣಕ್ಕೆ ಮಾಡೆಲ್‌ನಿಂದ ಹೊಸದಾಗಿ ಕೋಡ್ ಹುಟ್ಟಿಸಿದಳು. ನನ್ನ ಐದು ನಿಮಿಷದ ತಿದ್ದುಪಡಿ ಗುರುತಿಲ್ಲದೆ ಅಳಿಸಿಹೋಯಿತು. ತಪ್ಪು ರಿಯಾಯಿತಿಯ ಬಿಲ್ಲುಗಳು ಮತ್ತೆ ಹೊರಬಿದ್ದವು, ಈ ಸಲ ಮೂರು ದಿನ ಯಾರ ಗಮನಕ್ಕೂ ಬರಲಿಲ್ಲ. ಬೈಗುಳ ತಿಂದವಳು ಅವಳು. ನಾನು ಬಾಯಿ ಬಿಡಲು ಅರ್ಧ ದಿನ ತೆಗೆದುಕೊಂಡೆ, ಆ ಅರ್ಧ ದಿನದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಯಂತ್ರದ ಕೋಡ್ ಒಂದು ಕಡತದಲ್ಲಿ, ಕೈಬರಹದ್ದು ಇನ್ನೊಂದರಲ್ಲಿ ಇರಬೇಕು. ಸಿ ಶಾರ್ಪ್ ಭಾಷೆ 2005ರ ಆವೃತ್ತಿಯಲ್ಲಿ ಒಂದೇ ಕ್ಲಾಸನ್ನು ಎರಡು ಕಡತಗಳಲ್ಲಿ ಹಂಚಿ ಬರೆಯಲು ಅವಕಾಶ ಮಾಡಿತು, ಪರದೆ ವಿನ್ಯಾಸದ ಉಪಕರಣ ಬರೆದ ಕೋಡಿಗೂ ಮನುಷ್ಯ ಬರೆದ ಕೋಡಿಗೂ ನಡುವೆ ಬೇಲಿ ಹಾಕಲು ಅದು ಚೆನ್ನಾಗಿ ಒದಗುತ್ತದೆ. ಜಾವಾದಲ್ಲಿ ಯಂತ್ರ ತಾಯಿ ಕ್ಲಾಸ್ ಬರೆಯುತ್ತದೆ, ನೀವು ಮಗಳ ಕ್ಲಾಸಿನಲ್ಲಿ ನಿಮ್ಮದನ್ನು ಸೇರಿಸುತ್ತೀರಿ. ತಂತ್ರದ ಮಟ್ಟಿಗೆ ಇಷ್ಟು ಸಾಕು. ನಡುರಾತ್ರಿಯ ಫೋನಿಗೆ ಯಾವ ಬೇಲಿಯೂ ಇಲ್ಲ.

ಈಗ ಗಡಿಯ ಕಥೆ, ಇದನ್ನು ಹೇಳಲೆಂದೇ ಬಂದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಎಲ್ಲರೂ ಪ್ರೋಗ್ರಾಂ ಬದಲಿಸಿದರು. ಅದು ದೇಶಕ್ಕೆಲ್ಲ ಬಂದ ಮಳೆ. 2018ರ ಪ್ರವಾಹದ ನಂತರ ಕೇರಳ ಸರಕಾರ ಪ್ರವಾಹ ಸೆಸ್ ತಂದದ್ದು ನಮ್ಮ ತಲೆಗೆ ಮಾತ್ರ. 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ. ಶೇಕಡಾ 5ಕ್ಕಿಂತ ಹೆಚ್ಚಿನ ತೆರಿಗೆಯ ಸರಕಿಗೆ ಶೇಕಡಾ 1. ರಾಜ್ಯದೊಳಗಿನ ಮಾರಾಟಕ್ಕೆ, ಅದೂ ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಮಾರಿದಾಗ. ಲೆಕ್ಕ ಹಾಕುತ್ತಿದ್ದದ್ದು ಸರಕಿನ ಮೌಲ್ಯದ ಮೇಲೆ, ಜಿಎಸ್‌ಟಿ ಸೇರಿಸಿದ ಮೊತ್ತದ ಮೇಲಲ್ಲ. ಅಡಿಕೆಗೆ ಶೇಕಡಾ 5, ಅದರ ಮೇಲೆ ಸೆಸ್ ಇರಲಿಲ್ಲ. ಅದೇ ಅಂಗಡಿಯ ಪಂಪಿಗೆ ಇತ್ತು. ಗಡಿಯ ತಲಪಾಡಿ ದಾಟಿದರೆ ಆಚೆ ಕರ್ನಾಟಕದ ಅಂಗಡಿಯಲ್ಲಿ ಇರಲಿಲ್ಲ.

ನನಗೆ ಗೊತ್ತಿದ್ದ ಇನ್ನೊಂದು ಅಂಗಡಿಯ ಪ್ರೋಗ್ರಾಮಿನಲ್ಲಿ ಇದನ್ನು ಒಂಬತ್ತು ಕಡೆ ಸಣ್ಣ ಸಣ್ಣ ಷರತ್ತುಗಳಾಗಿ ತುರುಕಿದ್ದರು: ಬಿಲ್ಲಿನಲ್ಲಿ, ಅಂದಾಜು ಪಟ್ಟಿಯಲ್ಲಿ, ದಿನದ ವರದಿಯಲ್ಲಿ, ಹೀಗೆ. 2021ರ ಆಗಸ್ಟ್ 1ರ ಬೆಳಿಗ್ಗೆ ಎಂಟು ಕಡೆ ತೆಗೆದರು. ಒಂಬತ್ತನೆಯದು ಉಳಿಯಿತು. ಅದಕ್ಕಿಂತ ತಮಾಷೆ ಏನೆಂದರೆ, ತೆಗೆದ ಎಂಟರಲ್ಲೂ ಒಂದು ತಪ್ಪು ಹುಟ್ಟಿತ್ತು. ಜುಲೈ ಕೊನೆಯಲ್ಲಿ ಪಂಪು ಕೊಂಡವನು ಆಗಸ್ಟ್ ಮೊದಲ ವಾರ ಮರಳಿಸಿದರೆ ಅವನಿಗೆ ಸೆಸ್ ಸೇರಿಸಿ ಹಣ ಕೊಡಬೇಕು. ಪ್ರೋಗ್ರಾಂ ಸೆಸ್ ಎಂಬ ಶಬ್ದವನ್ನೇ ಮರೆತಿತ್ತು.

ಭಟ್ಟರ ಅಂಗಡಿಯ ಮಾಡೆಲ್‌ನಲ್ಲಿ ‘ತೆರಿಗೆ ನಿಯಮ’ ಎಂಬುದೇ ಒಂದು ಕ್ಲಾಸ್. ಯಾವ ದಿನಾಂಕದಿಂದ, ಯಾವ ದಿನಾಂಕದವರೆಗೆ, ಯಾವ ಬಗೆಯ ಸರಕಿಗೆ, ಯಾವ ಬಗೆಯ ಗಿರಾಕಿಗೆ, ಎಷ್ಟು. ಬಿಲ್ಲು ತನ್ನ ದಿನಾಂಕವನ್ನು ಹಿಡಿದು ನಿಯಮವನ್ನು ಹುಡುಕುತ್ತದೆ. ಮರಳಿಕೆ ಮೂಲ ಬಿಲ್ಲಿನ ದಿನಾಂಕವನ್ನು ಹಿಡಿದು ಹುಡುಕುತ್ತದೆ. ಸೆಸ್ ಬಂದಾಗ ಒಂದು ಸಾಲು ಸೇರಿತು. ಹೋಗುವಾಗ ಏನನ್ನೂ ತೆಗೆಯಲಿಲ್ಲ, ಕೊನೆಯ ದಿನಾಂಕ ಮೊದಲೇ ಗೊತ್ತಿತ್ತು. ಇದರಲ್ಲಿ ನನ್ನ ಜಾಣತನ ಕಡಿಮೆ. 2012ರಲ್ಲಿ ಮಾಡೆಲ್ ಬಿಡಿಸುವಾಗ ಭಟ್ಟರು, “ತೆರಿಗೆ ಎಂದರೆ ಬಾಡಿಗೆಗೆ ಬಂದವನ ಹಾಗೆ, ಬರುವ ದಿನ ಹೋಗುವ ದಿನ ಎರಡನ್ನೂ ಬರೆದಿಡು” ಎಂದಿದ್ದರು. ಮಾರಾಟ ತೆರಿಗೆ ಹೋಗಿ 2005ರಲ್ಲಿ ವ್ಯಾಟ್ ಬಂದಾಗ ಪಟ್ಟ ಪಾಡು ಅವರಿಗೆ ನೆನಪಿತ್ತು.

ಹಾಗಾದರೆ ಎಂಡಿಎ ಗೆದ್ದಿತೇ? 2001ರಲ್ಲಿ ಹೇಳಿದ ಪೂರ್ಣ ರೂಪದಲ್ಲಿ ಗೆಲ್ಲಲಿಲ್ಲ. ಒಂದು ಉಪಕರಣದಲ್ಲಿ ಬಿಡಿಸಿದ ಮಾಡೆಲ್ ಇನ್ನೊಂದರಲ್ಲಿ ತೆರೆದರೆ ಅರ್ಧ ಗೆರೆಗಳು ಕಾಣೆಯಾಗುತ್ತಿದ್ದವು. ಪರಿವರ್ತನೆಯ ನಿಯಮ ಬರೆಯುವುದು ಕೋಡ್ ಬರೆಯುವುದಕ್ಕಿಂತ ಕಷ್ಟವಾಯಿತು. ಚಿತ್ರ ತಿದ್ದಲು ಬೇಸತ್ತವರು ಕೋಡನ್ನೇ ತಿದ್ದಿದರು, ಚಿತ್ರ ಗೋಡೆಯ ಮೇಲೆ ಹಳದಿಯಾಯಿತು. ವಾಹನಗಳ ನಿಯಂತ್ರಣ ತಂತ್ರಾಂಶದಲ್ಲಿ ಮಾಡೆಲ್‌ನಿಂದ ಕೋಡ್ ಹುಟ್ಟಿಸುವುದು ಇಂದಿಗೂ ದಿನನಿತ್ಯದ ಕೆಲಸ. ವ್ಯವಹಾರದ ಕಡೆ ಅದೇ ವಿಚಾರ ಲೋ-ಕೋಡ್, ಅಂದರೆ ಕೋಡ್ ಹೆಚ್ಚು ಬರೆಯದೆ ಪರದೆಯ ಮೇಲೆ ಬಿಡಿಸಿಯೇ ತಂತ್ರಾಂಶ ಕಟ್ಟುವುದು, ಎಂಬ ಹೊಸ ಅಂಗಿ ತೊಟ್ಟು ಬಂದಿದೆ. ಅದರಲ್ಲಿ ಒಂದು ಕೊಕ್ಕೆಯಿದೆ: ನೀವು ಬಿಡಿಸಿದ ಮಾಡೆಲ್ ಸಾಮಾನ್ಯವಾಗಿ ಆ ಉಪಕರಣ ಕೊಟ್ಟ ಕಂಪನಿಯ ವೇದಿಕೆಯಲ್ಲಿ ಮಾತ್ರ ಓಡುತ್ತದೆ. ವೇದಿಕೆಯ ಹಂಗು ಬೇಡವೆಂದು ಹೊರಟವರು ಬಾಡಿಗೆ ವೇದಿಕೆಯೊಳಗೆ ಹೋಗಿ ಕುಳಿತಂತೆ. ಸಣ್ಣ ಅಂಗಡಿಗೆ ದೊಡ್ಡ ಎಂಡಿಎ ಉಪಕರಣಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ನಾನು ಬಳಸಿದ್ದು ಒಂದು ಸಾದಾ ಪಠ್ಯ ಕಡತ ಮತ್ತು ನಾನೇ ಬರೆದ, ಕೆಲವು ನೂರು ಸಾಲಿನ ಒಂದು ಪರಿವರ್ತಕ. ಟೇಬಲ್, ಫಾರ್ಮ್, ಅಸ್ಥಿಪಂಜರ ಅದರಿಂದ. ಅರ್ಥ ಹೇಳುವ ಭಾಗ ಕೈಬರಹ, ಬೇಲಿಯ ಆಚೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ವಿದ್ಯಾರ್ಥಿನಿಯೊಬ್ಬಳು, ಈಗ ಎಐಗೆ ಕನ್ನಡದಲ್ಲೇ ಹೇಳಿದರೂ ಕೋಡ್ ಬರೆದುಕೊಡುತ್ತದೆ, ಇನ್ನು ಮಾಡೆಲ್ ಯಾಕೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಯಂತ್ರಕ್ಕೆ ಅರ್ಥ ಹೇಳಲು ಬರುವುದಿಲ್ಲ ಎಂದು ಆಗಷ್ಟೇ ಹೇಳಿದ್ದೆನಲ್ಲ, ಈ ಯಂತ್ರಕ್ಕೆ ಬರುತ್ತದೆ. ತೊಂದರೆ ಅಲ್ಲೇ. ದರ ಇಲ್ಲದ ಅಡಿಕೆಗೆ ಏನು ಮಾಡಬೇಕೆಂದು ನೀವು ಹೇಳದಿದ್ದರೆ ಅದು ತಾನೇ ಒಂದು ನಿಯಮ ಊಹಿಸಿ ಬರೆಯುತ್ತದೆ. ಓದಲು ಸರಿಯಾಗಿಯೇ ಕಾಣುತ್ತದೆ, ಬಹುಶಃ ಒಂದು ರೂಪಾಯಿ ಎಂದೇ ಬರೆದೀತು. ಅದು ಊಹಿಸಿತೆಂದು ನಿಮಗೆ ಗೊತ್ತಾಗಲು ನಿಮ್ಮ ನಿಯಮ ಬೇರೆಲ್ಲಾದರೂ ಬರೆದಿರಬೇಕು.

ಆಮೇಲೆ ಮುಂದಿನ ಸಾಲಿನ ಹಿರಿಯರು, ಚಹಾ ಕುಡಿದು ಹೋಗುತ್ತೇನೆಂದಿದ್ದವರು, ಎದ್ದು ನಿಂತರು. “ನೀವು ಹೊಸತು ಹಳತಾಗುವುದು ಸ್ಥಿತಿ ಎಂದಿರಿ. ಸರಿ. ಯಾವ ದಿನ ಆಗುತ್ತದೆ? ನಿಮ್ಮ ಮಾಡೆಲ್‌ನಲ್ಲಿ ತಾರೀಕು ಎಷ್ಟು ಹಾಕಿದ್ದೀರಿ?”

ತಾರೀಕು ಹಾಕಿಲ್ಲ, ಮುಂದಿನ ಬೆಳೆ ಪೇಟೆಗೆ ಬಂದಾಗ ಮಾಲೀಕರು ಒಂದು ಗುಂಡಿ ಒತ್ತುತ್ತಾರೆ ಎಂದೆ. ಅವರು ತಲೆಯಾಡಿಸಿ ಇನ್ನೇನು ಕುಳಿತುಕೊಳ್ಳಬೇಕು, ಪಕ್ಕದಲ್ಲಿದ್ದ ಹಾಜಿಯವರು ತಡೆದರು. ಬೆಳೆ ಬಂದ ದಿನವಲ್ಲ, ದರಪಟ್ಟಿಯಲ್ಲಿ ಹೊಸದಕ್ಕೆ ಬೇರೆ ದರ ಹಾಕಿದ ದಿನ ಎಂದರು. ಹಿರಿಯರು ಒಪ್ಪಲಿಲ್ಲ. ಹಿಂದಿನ ಸಾಲಿನಿಂದ ಮುಳ್ಳೇರಿಯದ ಕಡೆಯ ಇನ್ನೊಬ್ಬರು, ಎರಡೂ ಅಲ್ಲ, ಇಟ್ಟವನಿಗೆ ಒಂದು, ಕೊಂಡವನಿಗೆ ಇನ್ನೊಂದು ಎಂದು ಹೊಸ ತಕರಾರು ತೆಗೆದರು. ಸಂಘಟಕರು ವಂದನಾರ್ಪಣೆಯ ಚೀಟಿ ಹಿಡಿದು ಕಾಯುತ್ತಿದ್ದರು. ನಾನು ಬೋರ್ಡಿನ ಒಂದು ಮೂಲೆ ಒರೆಸಿ, ‘ಹಳತಾಗುವಿಕೆ’ ಎಂದು ಹೊಸ ಚೌಕ ಬಿಡಿಸಿ, ಯಾರ ಲೆಕ್ಕದಲ್ಲಿ ಎಂದು ಅದರೊಳಗೆ ಬರೆದುಕೊಂಡೆ.